ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ: ಧಾರವಾಡದ ಒಂದು ದಾರಿ, ಎರಡು ಸೈಕಲ್ಲು

ನಮ್ಮ ಅಕ್ಕನ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಸಂಕಷ್ಟಿ, ಎಲ್ಲವೂ ಅದರ ಮೇಲೆಯೇ. 2023ರ ಜೂನ್‌ನಿಂದ ಅದಕ್ಕೆ ಇನ್ನೆರಡು ಗುರುತು ಸೇರಿದವು. ಶಾಲೆಗೆ ಸೈಕಲ್ ಮೇಲೆ ಹೋದ ದಿನ ‘ಸೈ’, ಬಸ್ಸಿಗೆ ಹೋದ ದಿನ ‘ಬ’. ಹಾಗೆ ಬರೆದಿಡು ಎಂದವನು ನಾನು. ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಮಾಡುವವನಿಗೆ ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಬರಹದ ಹೆಚ್ಚಿನ ಸಂಗತಿಗಳು ಆ ಕ್ಯಾಲೆಂಡರಿನಿಂದ ಬಂದವು. ಒಬ್ಬಳೇ ಹೆಂಗಸು, ಒಂದೇ ದಾರಿ, ಎರಡು ಸೈಕಲ್ಲು: ಒಂದು ಸಾದಾ, ಇನ್ನೊಂದು ಮುಂದಿನ ವರ್ಷ ಕೊಂಡ, ಬ್ಯಾಟರಿ-ಮೋಟರಿನ ಇ-ಸೈಕಲ್. ಇದನ್ನು ಎಲ್ಲರಿಗೂ ಹೊಂದಿಸಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ.

ಅಕ್ಕನಿಗೆ ಆಗ 46 ವರ್ಷ. ಮನೆ ಸಪ್ತಾಪುರದಲ್ಲಿ. ಕೆಲಸ ಹುಬ್ಬಳ್ಳಿ ರಸ್ತೆಯ ಸತ್ತೂರಿನ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ, ಕನ್ನಡ ಟೀಚರು. ಜುಬಿಲಿ ಸರ್ಕಲ್, ಟೋಲ್ ನಾಕಾ, ವಿದ್ಯಾಗಿರಿ, ಲಕಮನಹಳ್ಳಿ ದಾಟಿ ಹೋದರೆ ಒಂದು ಕಡೆಗೆ ಸುಮಾರು 8 ಕಿಲೋಮೀಟರ್. ಡಾಕ್ಟರು ಶುಗರ್ ಬಾರ್ಡರ್‌ನಲ್ಲಿದೆ ಎಂದಿದ್ದರು. ದಿನಾ ಒಂದು ತಾಸು ನಡೆಯಿರಿ ಎಂದೂ ಹೇಳಿದ್ದರು. ಬೆಳಿಗ್ಗೆ ಎರಡು ಡಬ್ಬಿ ಕಟ್ಟಿ, ಸಂಜೆ ನೋಟ್ಸ್ ತಿದ್ದುವವಳಿಗೆ ಆ ತಾಸು ಎಲ್ಲಿಂದ ಬರಬೇಕು? ಹೇಗೂ ಹೋಗಿಬರುವ ಹೊತ್ತಿನಲ್ಲೇ ಅದನ್ನು ಹುಡುಕೋಣ ಎಂದು ಮಗಳು ಕಾಲೇಜಿಗೆ ಸೇರಿದ ಮೇಲೆ ಮೂಲೆ ಸೇರಿದ್ದ ಲೇಡೀಸ್ ಸೈಕಲ್ಲನ್ನು ಹೊರತೆಗೆದಳು. ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹೊಸದು ಹಾಕಿಸಿದಳು. ಸಾವಿರದ ಇನ್ನೂರು ರೂಪಾಯಿಗೆ ಗಾಡಿ ತಯಾರಾಯಿತು.

ತಮಾಷೆ ಎಂದರೆ, ಅದೇ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲದಾಯಿತು. ನಾಡಿನ ಹೆಂಗಸರೆಲ್ಲ ಬಸ್ ಹತ್ತಿದ ತಿಂಗಳಲ್ಲಿ ಇವಳು ಇಳಿದಳು. ಹಾಗಾಗಿ ಈ ಪ್ರಕರಣದಲ್ಲಿ ‘ದುಡ್ಡು ಉಳಿಸಲಿಕ್ಕೆ ಸೈಕಲ್’ ಎಂಬ ಮಾತಿಗೆ ಜಾಗವೇ ಇಲ್ಲ. ಎರಡೂ ಸೈಕಲ್ಲಿಗಿಂತ ಅಗ್ಗದ್ದು ಬಸ್ಸು, ಪೂರಾ ಪುಕ್ಕಟೆ. ಆದರೆ ಮನೆಯಿಂದ ಸ್ಟಾಪಿಗೆ, ಇಳಿದ ಮೇಲೆ ಶಾಲೆಗೆ ನಡೆಯುವುದನ್ನೂ ಸೇರಿಸಿದರೆ ಅದಕ್ಕೆ 50 ನಿಮಿಷ ಹಿಡಿಯುತ್ತಿತ್ತು, ಅದರಲ್ಲಿ ಅರ್ಧ ನಿಂತೇ.

ಮೊದಲ ವರ್ಷ

ಬೆಳಿಗ್ಗೆಯ ಸವಾರಿ ಆಟವಿದ್ದಂತೆ ಇತ್ತು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹುಬ್ಬಳ್ಳಿ ಅದಕ್ಕಿಂತ ಹತ್ತಿರ ಹತ್ತಿರ 100 ಮೀಟರ್ ಕೆಳಗೆ. ನಡುವೆ ದಿಬ್ಬಗಳಿದ್ದರೂ ಹುಬ್ಬಳ್ಳಿ ದಿಕ್ಕಿಗೆ ಹೋಗುವವರಿಗೆ ಒಟ್ಟಿನಲ್ಲಿ ಇಳಿಜಾರೇ. ಮಳೆಗಾಲದ ಪಶ್ಚಿಮದ ಗಾಳಿಯೂ ಆ ಹೊತ್ತಿಗೆ ಬೆನ್ನಿಗೆ. 32 ನಿಮಿಷಕ್ಕೆ ಶಾಲೆಯ ಗೇಟು. ಬೆವರಿಲ್ಲ, ಏದುಸಿರಿಲ್ಲ.

ಸಂಜೆ ಅದೇ ರಸ್ತೆ ಬೇರೆಯೇ ಆಗುತ್ತಿತ್ತು. ಏರೂ ಎದುರು, ಗಾಳಿಯೂ ಎದುರು. ಸಾಧಾರಣ ದಿನ 45 ನಿಮಿಷ, ಜುಲೈನಲ್ಲಿ ಒಂದು ತಾಸಿಗೆ ಬಂದು ಮುಟ್ಟುತ್ತಿತ್ತು. ವಿದ್ಯಾಗಿರಿಯ ಹತ್ತಿರ ಇಳಿದು ತಳ್ಳಿಕೊಂಡು ಬಂದ ದಿನಗಳೂ ಇದ್ದವು. “ಹೋಗುವಾಗ ದೇವರು ಹಿಂದಿಂದ ದೂಡತಾನ, ಬರುವಾಗ ಅವನೇ ಎದುರು ಬಂದು ನಿಂದರತಾನ” ಎನ್ನುತ್ತಿದ್ದಳು.

ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಗಾಳಿಯೇ ಇಲ್ಲದ ದಿನ, ಸಮತಟ್ಟು ರಸ್ತೆಯಲ್ಲಿ, ಸವಾರಳೂ ಸೈಕಲ್ಲೂ ಚೀಲವೂ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ಗಂಟೆಗೆ 15 ಕಿ.ಮೀ. ವೇಗಕ್ಕೆ ಸುಮಾರು 50 ವಾಟ್ ಸಾಕು. ಎದುರಿನಿಂದ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ ಅದೇ ವೇಗಕ್ಕೆ 150 ವಾಟ್ ಹತ್ತಿರ ಬೇಕಾಗುತ್ತದೆ, ಮೂರು ಪಟ್ಟು. ಗಾಳಿಯ ತಡೆ ಸವಾರಳಿಗೆ ಎದುರಾಗುವ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುವುದೇ ಇದಕ್ಕೆ ಕಾರಣ. ಅದರ ಮೇಲೆ ನೂರು ಮೀಟರಿಗೆ ಮೂರು ಮೀಟರ್ ಏರು ಸಿಕ್ಕರೆ ಇನ್ನೂ 100 ವಾಟ್. ಅಭ್ಯಾಸವಿಲ್ಲದ ಮಧ್ಯವಯಸ್ಸಿನ ದೇಹ ಅರ್ಧ-ಮುಕ್ಕಾಲು ತಾಸು ಎಡೆಬಿಡದೆ ಕೊಡಬಲ್ಲದ್ದು 75ರಿಂದ 100 ವಾಟ್. ಉಳಿದದ್ದು ವೇಗದಲ್ಲಿ ಕಡಿತವಾಗುತ್ತದೆ, ಅಥವಾ ಇಳಿದು ತಳ್ಳುವುದೇ ಗತಿ. ಲೇಡೀಸ್ ಸೈಕಲ್ ಮೇಲೆ ನೆಟ್ಟಗೆ ಕೂತ ಹೆಂಗಸು ಗಾಳಿಯ ಪಾಲಿಗೆ ಒಂದು ಬಾಗಿಲಿನಂತೆ. ಹೆಗಲ ಮೇಲೆ ವೇಲ್ ಇದ್ದರೆ ಮುಗಿದೇ ಹೋಯಿತು, ಅದು ಹಾಯಿ.

ಇ-ಸೈಕಲ್ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಬೆವರದೆ ಆಫೀಸು ಮುಟ್ಟಬಹುದು. ಅಕ್ಕನ ದಾರಿಯಲ್ಲಿ ಅದಕ್ಕೆ ಬೆಲೆಯಿಲ್ಲ, ಬೆಳಿಗ್ಗೆ ಹೇಗೂ ಬೆವರು ಬರುತ್ತಿರಲಿಲ್ಲ. ಸಂಜೆ ಬೆವರಿದರೆ ಮನೆಯಲ್ಲಿ ಸ್ನಾನವಿದೆ. ಅವಳನ್ನು ಬಸ್ಸಿಗೆ ಅಟ್ಟುತ್ತಿದ್ದದ್ದು ಸಂಜೆಯ ಭಯ, ಅದೂ ಬೆಳಿಗ್ಗೆ ಏಳಕ್ಕೇ. ಅಡುಗೆಮನೆ ಕಿಟಕಿಯಿಂದ ತೆಂಗಿನ ಗರಿ ಒಂದೇ ಕಡೆ ಬಾಗಿದ್ದು ಕಂಡರೆ ಆ ದಿನ ‘ಬ’. ಜುಲೈ ತಿಂಗಳಿಡೀ ‘ಸೈ’ ಬಿದ್ದದ್ದು 5 ದಿನ. ಇಡೀ ವರ್ಷದಲ್ಲಿ 104. ಶಾಲೆ ನಡೆದದ್ದು 220 ದಿನಗಳ ಆಸುಪಾಸು.

ಅಂಗಡಿಯಲ್ಲಿ

2024ರ ಮೇ ತಿಂಗಳ ರಜೆಯಲ್ಲಿ ಇ-ಸೈಕಲ್ ನೋಡಲಿಕ್ಕೆ ಹೋದೆವು. ಸ್ಕೂಟಿ ಬೇಡ ಎಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಶುಗರ್ ಮಾತು ಒಂದು ಕಾರಣ, ಲೈಸೆನ್ಸು ಇನ್ನೊಂದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರು 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇರುವ ಗಾಡಿ ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಓಣಿಯಲ್ಲಿ ಈಗಲೂ “ನಂಬರ್ ಪ್ಲೇಟ್ ಎಲ್ಲದರೀ?” ಎಂದು ಕೇಳುವವರಿದ್ದಾರೆ, ಅದು ಬೇರೆ ಮಾತು.

ಅಲ್ಲಿ ನಿಲ್ಲಿಸಿದ್ದ ಹತ್ತು ಗಾಡಿಗಳಲ್ಲಿ ಒಂಬತ್ತು ಬೆಟ್ಟ ಹತ್ತುವ ಹುಡುಗರಿಗೆಂದೇ ಮಾಡಿದಂತಿದ್ದವು. ದಪ್ಪ ಟೈರು, ಅಡ್ಡಕ್ಕೆ ಎತ್ತರದ ಕಂಬಿ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ, ಬುಟ್ಟಿ ಇಲ್ಲ. ಏಳೆಂಟು ಸಾವಿರದ ಲೇಡೀಸ್ ಸೈಕಲ್ಲಿನ ಜೊತೆ ಕೇಳದೆಯೇ ಬರುವ ಸಾಮಾನುಗಳು ಮೂವತ್ತು ಸಾವಿರದ ಗಾಡಿಗೆ ಬೇರೆಯಾಗಿ ಕೊಳ್ಳಬೇಕು. ಸೀರೆ, ಚೂಡಿದಾರ್, ಪಂಚೆ, ಹಾಲಿನ ಕ್ಯಾನು, ಅಕ್ಕಿ ಚೀಲ ಎಲ್ಲವನ್ನೂ ನೋಡಿ ನೋಡಿ ನಮ್ಮ ಹಳೇ ಸೈಕಲ್ಲಿನ ಆಕಾರ ತಯಾರಾದದ್ದು. ಇ-ಸೈಕಲ್ ಮಾಡುವವರಿಗೆ ಆ ತಿಳಿವಳಿಕೆ ಇನ್ನೂ ಬಂದಿಲ್ಲ ಎಂದು ಆ ದಿನ ಅನಿಸಿತು, ಇವತ್ತಿಗೂ ಹಾಗೇ ಅನಿಸುತ್ತದೆ. ಕೊನೆಗೆ ನಡುವಿನ ಕಂಬಿ ತಗ್ಗಿದ್ದ ಒಂದು ಗಾಡಿ ಸಿಕ್ಕಿತು. ಮಡ್‌ಗಾರ್ಡ್, ಕ್ಯಾರಿಯರ್, ಬುಟ್ಟಿ ಎಲ್ಲ ಹಾಕಿಸಿ 33 ಸಾವಿರ. ಹಿಂದಿನ ಗಾಲಿಯ ನಡುವೆ 250 ವಾಟಿನ ಮೋಟರು. ಬ್ಯಾಟರಿ 36 ವೋಲ್ಟ್, 7.8 ಆಂಪಿಯರ್-ಅವರ್, ಅಂದರೆ ಸುಮಾರು 280 ವಾಟ್-ಅವರ್. ಒಟ್ಟು ತೂಕ 24 ಕಿಲೋ. ಅವಳ ಹಳೇ ಸೈಕಲ್ 17.

ಚೈನ್ ಕವರ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಚೂಡಿದಾರಿನ ಪ್ಯಾಂಟಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಬಂತು. ಸೋಮವಾರ ಶಾಲೆಯಲ್ಲಿ ಟೀಚರುಗಳಿಗೆ ಸೀರೆ ಕಡ್ಡಾಯ. ಹಳೇ ಸೈಕಲ್ಲಿಗೆ ಪೂರಾ ಚೈನ್ ಕವರೂ ಇತ್ತು, ಸೆರಗು ಸಿಗದಂತೆ ಹಿಂದಿನ ಗಾಲಿಗೆ ಜಾಳಿಗೆಯೂ ಇತ್ತು. ಹೊಸದಕ್ಕೆ ಎರಡೂ ಇಲ್ಲ. ಹೀಗಾಗಿ ಸೋಮವಾರ ಬಸ್ಸಿನ ಪಾಲಾಯಿತು.

ಮೋಟರ್ ಬಂದ ಮೇಲೆ

ಬೆಳಿಗ್ಗೆ ಉಳಿದದ್ದು ಐದು ನಿಮಿಷ. ಇಷ್ಟೇ. ಸಿಗ್ನಲ್ಲು, ಬಸ್ಸು, ರಸ್ತೆ ದಾಟುವ ಮಕ್ಕಳು, ಇವುಗಳ ನಡುವೆ 25ರ ಮಿತಿಯ ಗಾಡಿ ಎಷ್ಟು ಓಡೀತು? ಸಂಜೆ ಮಾತ್ರ 45 ಹೋಗಿ 29 ಆಯಿತು. ಗಾಳಿಯ ದಿನವೂ 32 ದಾಟಲಿಲ್ಲ. ನನಗೆ ದೊಡ್ಡದಾಗಿ ಕಂಡದ್ದು ಈ ಎರಡನೆಯ ಅಂಕಿ. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ನಡುವಿನ ಅಂತರ ಹದಿನೈದು ನಿಮಿಷದಿಂದ ಮೂರಕ್ಕೆ ಇಳಿಯಿತು. ಕಿಟಕಿಯಿಂದ ತೆಂಗಿನ ಗರಿ ನೋಡುವುದು ಆಗಸ್ಟ್ ಹೊತ್ತಿಗೆ ನಿಂತೇಹೋಯಿತು. ಜುಲೈನಲ್ಲಿ ‘ಇ’ ಎಂಬ ಹೊಸ ಗುರುತು 13 ದಿನ ಬಿತ್ತು.

ಉಳಿದ ದಿನಗಳು? ಮಳೆ, ಮತ್ತೆ ಸೋಮವಾರ. ಮೋಟರು ಗಾಳಿಯನ್ನು ಗೆಲ್ಲುತ್ತದೆ, ಮಳೆಯನ್ನಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರೇನ್‌ಕೋಟ್ ತೊಟ್ಟರೂ ನೋಟ್‌ಬುಕ್ ಚೀಲ ನೆನೆಯುತ್ತದೆ. ಇ-ಸೈಕಲ್ ತುಂತುರು ತಡೆದೀತು. ಆದರೆ ನಿಂತ ನೀರಿನಲ್ಲಿ ಮೋಟರಿನ ಅಚ್ಚು ಮುಳುಗಿಸುವುದು, ಪೈಪ್ ಹಿಡಿದು ತೊಳೆಯುವುದು ಎರಡೂ ಅದಕ್ಕೆ ಆಗದು. ಹಳೇ ಸೈಕಲ್ಲಿಗೆ ಹೇಗೆ ಬೇಕಾದರೂ ನೀರು ಹೊಡೆಯುತ್ತಿದ್ದಳು.

ಅಭ್ಯಾಸಕ್ಕೆ ವಾರ ಹಿಡಿಯಿತು. ಈ ಬೆಲೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ನೋಡುವ ಸೆನ್ಸರು. ಎಷ್ಟು ಬಲ ಹಾಕಿ ತುಳಿಯುತ್ತಿದ್ದೀರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ. ತುಳಿಯಲು ಶುರುಮಾಡಿ ಅರ್ಧ ಸುತ್ತು ಆದಮೇಲೆ ಮೋಟರು ಏಳುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಒಂದು ಕ್ಷಣ ಎಳೆಯುತ್ತದೆ. ಜುಬಿಲಿ ಸರ್ಕಲ್ಲಿನ ಗದ್ದಲದಲ್ಲಿ ಮುಂದಿನ ಆಟೋಕ್ಕೆ ಮುತ್ತಿಡುವ ಹಾಗಾಗಿತ್ತು. ಬ್ರೇಕ್ ಹಿಡಿದೊಡನೆ ಮೋಟರಿನ ಕರೆಂಟು ಕಡಿಯುವ ಸ್ವಿಚ್ಚು ಹಿಡಿಕೆಯಲ್ಲೇ ಇರುತ್ತದೆ. ಹಾಗಾಗಿ ಎರಡು ಬೆರಳು ಯಾವಾಗಲೂ ಬ್ರೇಕ್ ಮೇಲೆ ಇರಲಿ ಎಂದು ಕಲಿಸಬೇಕಾಯಿತು.

“ಮೋಟರ್ ಇದ್ದಮ್ಯಾಲ ವ್ಯಾಯಾಮ ಎಲ್ಲಿ ಆತು?” ಎಂದು ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಕೆಣಕುತ್ತಿದ್ದರು. ಪ್ರಶ್ನೆ ಸುಳ್ಳಲ್ಲ. ಆದರೆ ಈ ಬಗೆಯಲ್ಲಿ ಪೆಡಲ್ ಸುಮ್ಮನೆ ಬಿಟ್ಟರೆ ಮೋಟರೂ ಸುಮ್ಮನಾಗುತ್ತದೆ. ತುಳಿಯದೆಯೇ ಮೋಟರು ಓಡಿಸುವ ಹ್ಯಾಂಡಲ್ಲಿನ ಥ್ರಾಟಲ್ಲನ್ನು ಅವಳು ಏರಿನಲ್ಲಿ ನಿಂತು ಹೊರಡುವಾಗ ಮಾತ್ರ ಮುಟ್ಟುತ್ತಿದ್ದಳು. ಯುರೋಪಿನ ಏಳು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇ-ಸೈಕಲ್ ಸವಾರರ ಒಟ್ಟು ದೈಹಿಕ ಚಟುವಟಿಕೆ ಸಾದಾ ಸೈಕಲ್ ಸವಾರರಷ್ಟೇ ಇತ್ತು. ಅವರು ಹೆಚ್ಚು ದೂರ ಹೋಗುತ್ತಿದ್ದರು ಎಂಬುದು ಕಾರಣ. ಅಕ್ಕನ ದೂರ ಬದಲಾಗಲಿಲ್ಲ, ದಿನ ಹೆಚ್ಚಾದವು. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದಕ್ಕಿಂತ ಅರ್ಧ ಬಲದ ಪೆಡಲ್ ಮೇಲು. ಮಾಮಾಗೆ ಇದು ಇನ್ನೂ ಒಪ್ಪಿಗೆಯಿಲ್ಲ.

ಆಗಸ್ಟಿನ ಒಂದು ಸಂಜೆ ಚಾರ್ಜ್ ಮಾಡಲು ಮರೆತ ಬ್ಯಾಟರಿ ವಿದ್ಯಾಗಿರಿಗೆ ಬರುವಷ್ಟರಲ್ಲಿ ಖಾಲಿಯಾಯಿತು. 24 ಕಿಲೋದ ಗಾಡಿ, ದಪ್ಪ ಟೈರು, ಎದುರುಗಾಳಿ. ಮನೆ ಮುಟ್ಟಿದವಳು ಚಪ್ಪಲಿ ಸಹ ಬಿಡದೆ ಕುರ್ಚಿಯಲ್ಲಿ ಕೂತಿದ್ದಳಂತೆ. ಸತ್ತ ಇ-ಸೈಕಲ್ಲು ಸಾದಾ ಸೈಕಲ್ ಅಲ್ಲ, ಅದಕ್ಕಿಂತ ಬಹಳ ಕೀಳು. ಅಂದಿನಿಂದ ಎರಡು ದಿನಕ್ಕೊಮ್ಮೆ, ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಚಾರ್ಜಿಗೆ ಹಾಕುವುದು, ಮಲಗುವ ಮುಂಚೆ ತೆಗೆಯುವುದು ಎಂದಾಯಿತು. ರಾತ್ರಿಯಿಡೀ ಹಾಕಿ ಮಲಗಬೇಡ, ಜೊತೆಗೆ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಮುಟ್ಟಬೇಡ ಎಂದು ನಾನೇ ಹೇಳಿದ್ದೆ.

ಮೋಟರ್ ಗಾಲಿ

ನವೆಂಬರಿನಲ್ಲಿ ಹಿಂದಿನ ಟೈರು ಕಬ್ಬಿಣದ ಚೂರಿಗೆ ಸಿಕ್ಕು ಹರಿಯಿತು. ಬರೀ ಪಂಕ್ಚರ್ ಆಗಿದ್ದರೆ ತೊಂದರೆ ಇರಲಿಲ್ಲ. ನಮ್ಮ ರಸ್ತೆ ಬದಿಯವರು ಗಾಲಿ ಬಿಚ್ಚದೆ ಒಂದು ಮಗ್ಗುಲಿಂದ ಟ್ಯೂಬ್ ಎಳೆದು ತ್ಯಾಪೆ ಹಚ್ಚುವುದರಲ್ಲಿ ಪಳಗಿದವರು. ಟೈರು ಬದಲಿಸಬೇಕಾದರೆ ಗಾಲಿ ಬಿಚ್ಚಲೇಬೇಕು. ಮೋಟರಿಗೆ ಹೋಗುವ ವಾಯರ್ ಅಚ್ಚಿನ ಒಳಗಿಂದಲೇ ಹಾದಿರುತ್ತದೆ.

“ಅಕ್ಕಾರ, ಮೋಟರ್ ಗಾಲಿ ನಾ ಬಿಚ್ಚಂಗಿಲ್ರಿ. ವಾಯರ್ ಹರೀತಂದ್ರ ನನ್ನ ತಲಿಮ್ಯಾಲ ಬರ್ತೈತಿ.”

“ಮತ್ತ ಯಾರು ಬಿಚ್ಚತಾರ?”

“ತಂದ ಅಂಗಡಿಗೇ ಒಯ್ರಿ. ನಿಮ್ಮ ಹಳೇ ಸೈಕಲ್ ತರ್ರಿ, ಕಣ್ಣ ಮುಚ್ಚಿ ಮಾಡಿ ಕೊಡತೇನಿ.”

ಅಂಗಡಿಯಲ್ಲಿ ಆ ಅಳತೆಯ ಟೈರು ಇರಲಿಲ್ಲ, ಹತ್ತು ದಿನ ಎಂದರು. ಅಕ್ಕ ಹಳೇ ಸೈಕಲ್ಲಿಗೆ ಹವಾ ಹೊಡೆಸಿದಳು. ಹತ್ತು ದಿನ ಕಳೆದು ಟೈರು ಬಂತು, ಗಾಡಿಯೂ ಮನೆಗೆ ಬಂತು. ಕ್ಯಾಲೆಂಡರಿನಲ್ಲಿ ಮಾತ್ರ ‘ಸೈ’ ನಿಲ್ಲಲಿಲ್ಲ. ಡಿಸೆಂಬರ್ ಪೂರ್ತಿ ‘ಸೈ’, ಜನವರಿಯೂ ‘ಸೈ’.

ಯಾಕೆ ಎಂದು ಕೇಳಿದೆ. “ಈಗ ಗಾಳಿ ಎಲ್ಲದ?” ಎಂದಳು.

ಹೌದಲ್ಲ. ಚಳಿಗಾಲದಲ್ಲಿ ಇಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಅದೂ ಮೆಲ್ಲಗೆ. ಬೆಳಿಗ್ಗೆ ಇಳಿಜಾರಿನಲ್ಲಿ ಎದುರಾದರೂ ಲೆಕ್ಕಕ್ಕಿಲ್ಲ, ಸಂಜೆ ಏರಿನಲ್ಲಿ ಬೆನ್ನಿಗೆ ಬರುತ್ತದೆ. ಬರುವಾಗ 40 ನಿಮಿಷ, ತಂಪು ಹೊತ್ತು, ಸದ್ದಿಲ್ಲದ ಗಾಡಿ. ಶಾಲೆಯಿಂದ ಬರುತ್ತ ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯಕ್ಕೆ ನಿಂತರೆ ಹಿಂತಿರುಗಿ ನೋಡುವ ಹಂಗಿಲ್ಲ. 33 ಸಾವಿರದ ಗಾಡಿ ನಿಲ್ಲಿಸಿ ಮೆಂತ್ಯೆ ಸೊಪ್ಪು ಆರಿಸುವುದು ನೆಮ್ಮದಿಯ ಕೆಲಸವಲ್ಲ. ಸೋಮವಾರ ಸೀರೆಯಲ್ಲೂ ನಡೆಯುತ್ತದೆ.

ಹಳೇ ಕ್ಯಾಲೆಂಡರ್ ತೆಗೆಸಿ ನೋಡಿದೆ. 2023-24ರಲ್ಲೂ ಹಾಗೇ ಇತ್ತು. ಆ 104 ‘ಸೈ’ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದದ್ದು ನವೆಂಬರಿನಿಂದ ಫೆಬ್ರುವರಿಯ ನಡುವೆ. ನಾನು ವರ್ಷದ ಮೊತ್ತ ಕೂಡಿಸಿ ‘ಸಾದಾ ಸೈಕಲ್ ಸಾಲದು’ ಎಂದುಬಿಟ್ಟಿದ್ದೆ. ತಿಂಗಳು ತಿಂಗಳು ಬಿಡಿಸಿ ನೋಡಿದ್ದರೆ ಸಾಲದ್ದು ಜೂನ್‌ನಿಂದ ಸೆಪ್ಟೆಂಬರ್, ಮತ್ತೆ ಬಿಸಿಲೇರಿದ ಮಾರ್ಚ್ ನಂತರ ಎಂದು ಕಾಣುತ್ತಿತ್ತು. ಪಾಠ ಮಾಡುವವನ ಲೆಕ್ಕ ಹೀಗೆ.

ಎರಡನೆಯ ವರ್ಷದ ಕೊನೆಗೆ ‘ಇ’ 112, ‘ಸೈ’ 53, ಎರಡೂ ಸೇರಿ 165. ಒಂದೇ ಸೈಕಲ್ ಇದ್ದಾಗ 104. ಹೆಚ್ಚಿದ 61 ದಿನಗಳಿಗೆ ಅಕ್ಕ ಕೊಟ್ಟ ಬೆಲೆ 33 ಸಾವಿರ ಎನ್ನಬೇಕು. ಅಷ್ಟಕ್ಕೇ ಮುಗಿಯಲಿಲ್ಲ.

ಬ್ಯಾಟರಿಯ ಲೆಕ್ಕ

ಕರೆಂಟಿನ ಖರ್ಚು ಇಲ್ಲವೆಂದೇ ಹೇಳಬೇಕು. ಬ್ಯಾಟರಿ ತುಂಬಲು ನಷ್ಟವೂ ಸೇರಿ ಒಂದು ಯೂನಿಟ್ಟಿನ ಮೂರನೇ ಒಂದು ಪಾಲು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಎರಡು ರೂಪಾಯಿ. ಅಕ್ಕನ ಅರ್ಧ ತುಳಿತ, ಅರ್ಧ ಮೋಟರಿನ ಸವಾರಿಯಲ್ಲಿ ಅದಕ್ಕೆ 40 ಕಿ.ಮೀ. ಬರುತ್ತಿತ್ತು, ಅಂದರೆ ಕಿಲೋಮೀಟರಿಗೆ ಐದು ಪೈಸೆ. ‘ಗೃಹಜ್ಯೋತಿ’ ಇರುವ ಮನೆಯಲ್ಲಿ ಮಿತಿಯ ಒಳಗಿದ್ದರೆ ಅದೂ ಇಲ್ಲ. ಇ-ಸೈಕಲ್ ಮಾರುವವರೆಲ್ಲ ಈ ಐದು ಪೈಸೆಯನ್ನೇ ಹೇಳುತ್ತಾರೆ.

ಹೇಳದೆ ಬಿಡುವುದು ಬ್ಯಾಟರಿಯನ್ನು. ಹೊಸದಕ್ಕೆ 12 ಸಾವಿರ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ, 14 ಸಾವಿರ ಕಿ.ಮೀ. ಬಂತು ಎನ್ನೋಣ, ಆಗಲೂ ಕಿಲೋಮೀಟರಿಗೆ 85 ಪೈಸೆ. ಕರೆಂಟಿನ ಹದಿನೇಳು ಪಟ್ಟು. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ಮುಪ್ಪಾಗುತ್ತದೆ.

ನಮ್ಮ ಮನೆಯಲ್ಲಿ ಅದು ಮುಪ್ಪಿನವರೆಗೂ ಕಾಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ದಿನ ಅಕ್ಕ ಮನೆಗೆ ಬಂದು, ಹೆಚ್ಚುಕಡಿಮೆ ಖಾಲಿಯಾಗಿದ್ದ ಬ್ಯಾಟರಿಯನ್ನು ಹಾಗೇ ಬಿಟ್ಟು ರಜೆಗೆ ಮಗಳ ಹತ್ತಿರ ಹೋದಳು. ಏಳು ವಾರ. ಬ್ಯಾಟರಿಯ ಒಳಗಿನ ಕಾವಲು ಸರ್ಕೀಟು ತನ್ನ ಪಾಲಿಗೆ ಸ್ವಲ್ಪ ಸ್ವಲ್ಪ ಕರೆಂಟು ಹೀರುತ್ತಲೇ ಇರುತ್ತದೆ, ಸೆಲ್ಲುಗಳೂ ತಾವಾಗಿ ಇಳಿಯುತ್ತವೆ. ಮೇ ಕೊನೆಗೆ ಚಾರ್ಜಿಗೆ ಹಾಕಿದರೆ ದೀಪವೇ ಹತ್ತಲಿಲ್ಲ. ಹೊರಗಿಂದ ಕರೆಂಟು ಕೊಟ್ಟು ಎಬ್ಬಿಸುವ ಜನ ಇದ್ದಾರೆ. ನಾನು ಬೇಡವೆಂದೆ. ಪೂರಾ ಬತ್ತಿಹೋದ ಲಿಥಿಯಂ ಸೆಲ್ಲಿನ ಒಳಗೆ ತಾಮ್ರ ಕರಗಿ, ಮುಂದೆ ಚಾರ್ಜ್ ಆಗುವಾಗ ಒಳಗೊಳಗೇ ಶಾರ್ಟ್ ಆಗಬಹುದು. ಅಂಥದ್ದನ್ನು ಮನೆಯಲ್ಲಿ ಚಾರ್ಜಿಗೆ ಹಾಕುವ ಧೈರ್ಯ ನನಗಿಲ್ಲ. ಅರ್ಧ ತುಂಬಿಸಿ ತಂಪು ಜಾಗದಲ್ಲಿಟ್ಟು ಹೋಗಬೇಕಿತ್ತು. ಚಾರ್ಜರ್ ಬಗ್ಗೆ ಅಷ್ಟೆಲ್ಲ ಹೇಳಿದ ನಾನು ಇದೊಂದು ಮಾತು ಹೇಳಿರಲಿಲ್ಲ.

ಹೊಸ ಬ್ಯಾಟರಿಗೆ 12 ಸಾವಿರ ಕೊಟ್ಟಳು. ಹಳೆಯದು 112 ದಿನ, ದಿನಕ್ಕೆ 16ರಂತೆ ಸುಮಾರು 1,800 ಕಿ.ಮೀ. ಓಡಿತ್ತು. ಕಿಲೋಮೀಟರಿಗೆ ಆರೂವರೆ ರೂಪಾಯಿ ದಾಟಿತು. ನೂರು ರೂಪಾಯಿ ಮೀರಿದ ಪೆಟ್ರೋಲ್ ಹಾಕಿದ ಸ್ಕೂಟಿಗೂ ಕಿಲೋಮೀಟರಿಗೆ ಎರಡು ರೂಪಾಯಿಯ ಮೇಲೆ ಸ್ವಲ್ಪ ಆಗುತ್ತದೆ ಅಷ್ಟೇ. ಮಾಮಾ ಈ ಲೆಕ್ಕವನ್ನು ನನ್ನಿಂದಲೇ ಎರಡು ಸಲ ಹೇಳಿಸಿಕೊಂಡರು.

ಹೊಸ ಬ್ಯಾಟರಿ ಬರುವ ತನಕ ಎರಡು ವಾರ ಜೂನ್ ಗಾಳಿಯಲ್ಲಿ ಹಳೇ ಸೈಕಲ್ಲೇ. ಮೊದಲ ವಾರ ಮೂರು ‘ಸೈ’. ಎರಡನೆಯ ವಾರ ಆರಕ್ಕೆ ಆರೂ ‘ಬ’.

ಇ-ಸೈಕಲ್ ಮಾರಿಬಿಡುವ ಮಾತೂ ಬಂತು. ಅಕ್ಕ ಒಪ್ಪಲಿಲ್ಲ. ಹಳೆಯದನ್ನು ಕೆಲಸದವಳ ಮಗಳಿಗೆ ಕೊಡೋಣ ಎಂದಾಗಲೂ ಒಪ್ಪಲಿಲ್ಲ. ಈಗ ವರಾಂಡದಲ್ಲಿ ಎರಡೂ ನಿಂತಿವೆ, ನಡೆಯಲು ಜಾಗವಿಲ್ಲ. ಮಳೆಗಾಲಕ್ಕೂ ಬಿಸಿಲಿಗೂ ಮೋಟರಿನದು. ದೀಪಾವಳಿ ಕಳೆದ ಮೇಲೆ ಅದರ ಬ್ಯಾಟರಿ ಅರ್ಧ ತುಂಬಿ, ಹಳೇ ಟವಲಿನಲ್ಲಿ ಸುತ್ತಿಸಿಕೊಂಡು ಕಪಾಟು ಸೇರುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖಿಗೆ ತೆಗೆದು ನೋಡಬೇಕೆಂದು ಕ್ಯಾಲೆಂಡರಿನಲ್ಲಿ ‘ಬ್ಯಾ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ, ಸಿಲಿಂಡರಿನ ಗುರುತಿನ ಪಕ್ಕದಲ್ಲೇ. ಸೋಮವಾರದ ಸಾಲಿನಲ್ಲಿ ಜೂನ್‌ನಿಂದ ದೀಪಾವಳಿಯ ತನಕ ಬರೀ ‘ಬ’. ಅಲ್ಲಿಂದ ಮುಂದೆ ‘ಸೈ’.